ಅಂಜದೆ ಹೇಳುವ ಮಗು

ರಾತ್ರಿ ತಲೆಬಾಗಿಲಿಗೆ ಅಗುಳಿ ಹಾಕಿ ಮಲಗುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ. ಇಂದು ಅಗುಳಿ ಹಾಕಿದ ಮೇಲೂ ಅಪರಿಚಿತರು ಮಗುವಿನ ಹಾಸಿಗೆಯ ತನಕ ಬರಬಲ್ಲರು. ಮೊಬೈಲು ಅವರಿಗೆ ದಾರಿಯಾಗಿದೆ.

ಎರಡು ವರ್ಷಗಳ ಹಿಂದೆ ಪರಿಚಿತ ಮನೆತನದ ದಂಪತಿಗಳು ನಮ್ಮಲ್ಲಿಗೆ ಬಂದಿದ್ದರು. ಹತ್ತನೆಯ ತರಗತಿಯ ಮಗ ಊಟ ಬಿಟ್ಟಿದ್ದ, ಮಾತು ಬಿಟ್ಟಿದ್ದ. ಪರೀಕ್ಷೆಯ ಭಯವೆಂದು ಅವರು ಎಣಿಸಿದ್ದರು. ತಂದೆಯ ಬ್ಯಾಂಕ್ ಖಾತೆಯಲ್ಲಿ ಹಣ ಕಡಿಮೆಯಾದಾಗ ನಿಜ ಹೊರಬಿದ್ದಿತು. ಮೊಬೈಲಿನ ಆಟದಲ್ಲಿ ಪರಿಚಯವಾದ ಯಾರೋ ಹುಡುಗಿಯ ಹೆಸರಿನಲ್ಲಿ ಸವಿಮಾತನಾಡಿ, ಆತನ ನಗ್ನ ಚಿತ್ರ ತರಿಸಿಕೊಂಡು, ಹಣ ಕೊಡದಿದ್ದರೆ ಬಂಧುಬಳಗಕ್ಕೆಲ್ಲ ಕಳಿಸುವುದಾಗಿ ಬೆದರಿಸುತ್ತಿದ್ದರು. ‘ನಮಗೇಕೆ ಹೇಳಲಿಲ್ಲ?’ ಎಂದು ತಂದೆ ಕೇಳಿದಾಗ ಹುಡುಗ ಕೊಟ್ಟ ಉತ್ತರ ಒಂದೇ: ‘ನೀವು ಹೊಡೀತೀರಿ ಅಂತ ಅಂಜಿದ್ದೆ, ಅಪ್ಪಾ.’

ಮನೆಯವರಿಗೆ ತಿಳಿದೀತೆಂಬ ಈ ಅಂಜಿಕೆಯೇ ವಂಚಕನ ಬಂಡವಾಳ. ಆದುದರಿಂದ ಮೊಬೈಲು ಕೊಡುವ ದಿನವೇ ಮಗುವನ್ನು ಹತ್ತಿರ ಕೂಡಿಸಿಕೊಂಡು, ‘ತಪ್ಪು ನಿನ್ನಿಂದಲೇ ಆಗಿದ್ದರೂ ಮೊದಲು ನಮಗೆ ಹೇಳು, ಬೈಯುವುದಿಲ್ಲ’ ಎಂದು ಮಾತು ಕೊಡಬೇಕು, ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕು. ಕಂಡರಿಯದವರಿಗೆ ಚಿತ್ರ, ವಿಳಾಸ, ಓಟಿಪಿ ಕೊಡಬಾರದೆಂದು ತಿಳಿಹೇಳಬೇಕು. ರಾತ್ರಿ ಮಕ್ಕಳ ಮೊಬೈಲು ಪಡಸಾಲೆಯಲ್ಲಿರಲಿ. ಹಿರಿಯರದೂ ಅಲ್ಲಿಯೇ ಇರಲಿ. ನಾವು ಪಾಲಿಸದ ನಿಯಮವನ್ನು ಮಕ್ಕಳು ಪಾಲಿಸಲಾರರು.

ಅನಾಹುತ ಆಗಿಯೇ ಹೋಗಿದ್ದರೆ ಹಣ ಕಳಿಸಬಾರದು. ಒಮ್ಮೆ ಕೊಟ್ಟರೆ ಬೇಡಿಕೆ ಬೆಳೆಯುತ್ತದೆ. ಸಂದೇಶಗಳನ್ನು ಅಳಿಸಬಾರದು, ಅವೇ ಸಾಕ್ಷ್ಯ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ, ಮಗುವಿನ ನೆರವಿಗೆ ಹಗಲಿರುಳೂ ದೊರೆಯುವ 1098ಕ್ಕೆ ಕರೆಮಾಡಬೇಕು. 18 ವರ್ಷದೊಳಗಿನವರ ಇಂಥ ಚಿತ್ರಗಳು ಹರಡದಂತೆ ತಡೆಯಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ 2023ರಲ್ಲಿ ಆರಂಭವಾಗಿದೆ. ಅಲ್ಲಿಗೆ ಚಿತ್ರವನ್ನು ಕಳಿಸಬೇಕಾಗಿಲ್ಲ. ಅದರಿಂದ ತಯಾರಾದ ಅಂಕಿ-ಅಕ್ಷರಗಳ ಗುರುತು ಮಾತ್ರ ಹೋಗುತ್ತದೆ. ಆ ಗುರುತಿನ ನೆರವಿನಿಂದ, ಸೇವೆಯಲ್ಲಿ ಪಾಲ್ಗೊಂಡಿರುವ ಕಂಪನಿಗಳು ತಮ್ಮ ತಾಣಗಳಲ್ಲಿ ಚಿತ್ರವನ್ನು ಹುಡುಕಿ ತೆಗೆಯಬಲ್ಲವು.

ಪೊಲೀಸರಲ್ಲಿಗೆ ಹೋದರೆ ಮಾನ ಹೋದೀತೆಂದು ಅನೇಕರು ಹಿಂಜರಿಯುತ್ತಾರೆ. 2012ರ ಪೋಕ್ಸೊ ಕಾಯಿದೆಯ ರಕ್ಷಣೆ ಹೆಣ್ಣುಮಕ್ಕಳಿಗಿರುವಂತೆ ಗಂಡುಮಕ್ಕಳಿಗೂ ಇದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲಿಯೇ ಪಡೆಯಬಹುದು; ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿರಬಾರದು; ನ್ಯಾಯಾಲಯದ ಅನುಮತಿಯಿಲ್ಲದೆ ಪತ್ರಿಕೆಗಳು ಮಗುವಿನ ಗುರುತನ್ನು ಪ್ರಕಟಿಸುವಂತಿಲ್ಲ. ಇದನ್ನೆಲ್ಲ ಆ ಕಾಯಿದೆಯೇ ವಿಧಿಸಿದೆ.

ಆ ದಂಪತಿಗಳು ದೂರು ಕೊಟ್ಟರು. ಹೋದ ಹಣವೆಲ್ಲ ಮರಳಲಿಲ್ಲ. ಹುಡುಗ ಈಗ ಕಾಲೇಜಿಗೆ ಹೋಗುತ್ತಾನೆ; ರಾತ್ರಿ ಮೂವರೂ ಕೂಡಿ ಉಣ್ಣುವಾಗ ದಿನದ ಸಂಗತಿಗಳನ್ನು ತಾನಾಗಿಯೇ ಹೇಳುತ್ತಾನೆಂದು ತಾಯಿ ಮೊನ್ನೆ ತಿಳಿಸಿದರು. ನಮ್ಮ ಎಲ್ಲ ಮನೆಗಳ ಮಕ್ಕಳೂ ಹೀಗೆ ಅಂಜದೆ ಬಾಯಿಬಿಡುವಂತಾಗಲಿ ಎಂಬುದು ನಮ್ಮ ಹಾರೈಕೆ.