ಕಡುಬೂದು ಗೋಡೆಯೂ ಮನೆಯ ಬೆಳಕೂ

ಸುಣ್ಣ ಬಳಿದ ಬಿಳಿಯ ಗೋಡೆ, ಅದರ ಬುಡದಲ್ಲಿ ಕೆಮ್ಮಣ್ಣಿನ ಕಾರಣೆ - ನಮ್ಮ ಹಿರಿಯರ ಮನೆಗಳ ಅಲಂಕಾರ ಬಹುಪಾಲು ಇಷ್ಟೇ ಆಗಿತ್ತು. ಕಿಟಕಿಗಳು ಚಿಕ್ಕವಾಗಿದ್ದ ಆ ಮನೆಗಳಲ್ಲಿ, ಒಳಬಂದ ಅಲ್ಪ ಬೆಳಕನ್ನು ಸುಣ್ಣದ ಗೋಡೆಯೇ ಕೋಣೆಯ ತುಂಬ ಹರಡುತ್ತಿತ್ತು. ಇಂದು ಹೊಸ ಮನೆ ಕಟ್ಟಿಸುವ ತರುಣರಲ್ಲಿ ಅನೇಕರು ಇದ್ದಿಲನ್ನು ಹೋಲುವ ಕಡುಬೂದು ಬಣ್ಣವನ್ನು ಬಯಸುತ್ತಾರೆ. "ಮನೆಯೆಲ್ಲ ಮಂಕಾಯಿತಲ್ಲ!" ಎಂದು ಹಿರಿಯರು ಮರುಗುತ್ತಾರೆ. ಒಂದು ಡಬ್ಬಿ ಬಣ್ಣವೇ ಮನೆಮಂದಿಯ ಮನಸ್ತಾಪಕ್ಕೆ ಎಡೆಯಾಗುವುದುಂಟು. ವಿಚಾರಿಸಿ ನೋಡಿದರೆ ಇಬ್ಬರ ಮಾತಿನಲ್ಲಿಯೂ ಹುರುಳಿದೆ.

ಕಡುಬೂದಿಗೆ ತನ್ನದೇ ಆದ ಗಾಂಭೀರ್ಯವಿದೆ. ಅದರ ಮುಂದೆ ಹಿತ್ತಾಳೆಯ ದೀಪ, ತೇಗದ ಕುರ್ಚಿ, ಹಳೆಯ ಭಾವಚಿತ್ರಗಳು ಎದ್ದು ಕಾಣುತ್ತವೆ. ಆದರೆ ಅಪ್ಪಟ ಬಿಳಿಯ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಮರಳಿಸಿದರೆ, ಇದ್ದಿಲುಬಣ್ಣದ ಗೋಡೆ 10ಕ್ಕಿಂತ ಕಡಿಮೆ ಪಾಲನ್ನು ಮರಳಿಸುತ್ತದೆ; ಉಳಿದುದನ್ನು ತಾನೇ ಹೀರಿಕೊಳ್ಳುತ್ತದೆ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಮಬ್ಬಾಗುತ್ತದೆ. 60 ವರ್ಷದವರ ಅಕ್ಷಿಪಟಲವನ್ನು ತಲುಪುವ ಬೆಳಕು 20 ವರ್ಷದವರಿಗೆ ತಲುಪುವುದರ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಆದುದರಿಂದ ಮಗನಿಗೆ ಹಿತವಾಗಿ ಕಾಣುವ ಕೋಣೆ ತಾಯಿಗೆ ಕತ್ತಲೆಯಾಗಿ ತೋರಿದರೆ, ಅದನ್ನು ಹಳೆಯ ಕಾಲದವರ ಹಟವೆಂದು ತಳ್ಳಿಹಾಕುವುದು ಸರಿಯಲ್ಲ.

ಹಾಗೆಂದು ಈ ಬಣ್ಣವನ್ನು ವರ್ಜಿಸಬೇಕಾಗಿಲ್ಲ. ನಡುಮನೆಯ ಒಂದೇ ಗೋಡೆಗೆ ಇದನ್ನು ಬಳಿಸಿ, ಉಳಿದ ಮೂರು ಗೋಡೆಗಳನ್ನೂ ಛಾವಣಿಯನ್ನೂ ತಿಳಿಬಣ್ಣದಲ್ಲಿ ಇರಿಸಬಹುದು. ಕಿಟಕಿಯಿರುವ ಗೋಡೆಗೆ ಇದು ಒಪ್ಪುವುದಿಲ್ಲ. ಕಪ್ಪು ಅಂಚಿನ ನಡುವೆ ಹೊರಗಿನ ಬಿಸಿಲು ಕಣ್ಣನ್ನು ಕುಕ್ಕುತ್ತದೆ. ಅಡುಗೆಮನೆ, ಮೆಟ್ಟಿಲು, ಓಣಿಯಂತಹ ನಡುದಾರಿ ಹಾಗೂ ಹಿರಿಯರ ಕೋಣೆಗಳಲ್ಲಿ ತಿಳಿಬಣ್ಣವೇ ಕ್ಷೇಮಕರ. ಕಡುಬಣ್ಣದ ಗೋಡೆಯ ಮೇಲೆ ಬಿಳಿಯ ಸ್ವಿಚ್ ಫಲಕವಿದ್ದರೆ ಮಂದದೃಷ್ಟಿಯವರಿಗೂ ಅದು ಸುಲಭವಾಗಿ ಗೋಚರಿಸುತ್ತದೆ.

ಬಳಿಸುವ ಮುನ್ನ ಗೋಡೆಯ ತೇವವನ್ನು ಪರೀಕ್ಷಿಸಬೇಕು. ಹೊಸ ಗಿಲಾವು ಒಣಗಲು ಸುಮಾರು 28 ದಿನಗಳಾದರೂ ಬೇಕು. ಒಳಗಿನ ತೇವ ಹೊರಹೊಮ್ಮಿದರೆ ಉಪ್ಪಿನ ಬಿಳಿಯ ಕಲೆಗಳು ಕಡುಬೂದಿನ ಮೇಲೆ ಎದ್ದು ತೋರುತ್ತವೆ. ಹೊಳಪಿನ ಬಣ್ಣ ಗಿಲಾವಿನ ಏರುಪೇರನ್ನು ಬಯಲುಮಾಡುತ್ತದೆ. ಹೊಳಪಿಲ್ಲದ ಬಣ್ಣ ಅದನ್ನು ಮರೆಸಿದರೂ ಮಕ್ಕಳ ಕೈಗುರುತನ್ನು ಬೇಗ ತೋರಿಸುತ್ತದೆ. ಮುಂದೆ ಬೇಡವೆನಿಸಿ ಬಿಳಿಗೆ ಮರಳುವುದಾದರೆ ಪ್ರೈಮರ್ ಹಾಗೂ ಹಲವು ಲೇಪಗಳ ಖರ್ಚು ಬೀಳುತ್ತದೆ. ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಮಕ್ಕಳಿರುವ ಮನೆಯವರು ಡಬ್ಬಿಯ ಮೇಲಿನ ಈ ವಿವರವನ್ನು ಓದಿಯೇ ಕೊಳ್ಳುವುದು ಲೇಸು.

ಅಂಗಡಿಯ ಚಿಕ್ಕ ಬಣ್ಣದ ಚೀಟಿಯನ್ನು ನೋಡಿ ತೀರ್ಮಾನಿಸುವುದು ಉಚಿತವಲ್ಲ. ಎರಡು ಅಡಿ ಚೌಕದ ಹಲಗೆಗೆ ಆ ಬಣ್ಣವನ್ನು ಬಳಿದು ಗೋಡೆಗೆ ಒರಗಿಸಿರಿ. ಬೆಳಿಗ್ಗೆ ನೀಲಿಯಾಗಿ ಕಂಡದ್ದು ಹಳದಿ ದೀಪದ ಕೆಳಗೆ ಕಂದಾಗಿ ಕಾಣಬಹುದು. ಬಳಿಕ ಮುಸ್ಸಂಜೆಯಲ್ಲಿ ಮನೆಯ ಹಿರಿಯರನ್ನು ಅದರ ಬಳಿ ಕುಳ್ಳಿರಿಸಿ, ಅವರ ನಿತ್ಯದ ಪುಸ್ತಕವನ್ನು ಕೈಗಿಡಿರಿ. ಅವರು ಆಯಾಸವಿಲ್ಲದೆ ಓದಬಲ್ಲರಾದರೆ ಗೋಡೆಗೆ ಬಣ್ಣ ಬಳಿಸಲು ಅಡ್ಡಿಯಿಲ್ಲ. ಓದಲಾಗದಿದ್ದರೆ ಮೊದಲು ಇನ್ನೊಂದು ದೀಪವನ್ನು ಹಾಕಿಸಿ ನೋಡಿರಿ. ಬಣ್ಣದ ಮಾತು ಆಮೇಲೆ.