ಹಳೆಯ ಜಿಪ್ಸಿಯ ಪೂರ್ವಾಶ್ರಮ

ಋಷಿಮೂಲ, ನದಿಮೂಲ ಹುಡುಕಬಾರದು ಎಂಬುದು ಹಿರಿಯರ ಮಾತು. ಹಳೆಯ ಕಾರು ಕೊಳ್ಳಹೊರಟವರಿಗೆ ಮಾತ್ರ ಈ ಮಾತು ಅನ್ವಯಿಸದು. ಅದರಲ್ಲೂ ವೇಗಕ್ಕೋ ದುರ್ಗಮ ಹಾದಿಗೋ ಹೆಸರಾದ ವಾಹನವಾದರೆ ಮೂಲ ಹುಡುಕಲೇಬೇಕು. ಮನೆಮಂದಿಯ ಕಾರು ಹತ್ತು ವರ್ಷಗಳಲ್ಲಿ ಉಣ್ಣುವ ಪೆಟ್ಟನ್ನು ಇಂಥ ವಾಹನ ಒಂದೇ ದಿನದಲ್ಲಿ ಉಂಡಿರಬಹುದು. ಹೊಸ ಬಣ್ಣ ಬಳಿದುಕೊಂಡು, ಹೊಸ ಸೀಟು ಕವರು ತೊಟ್ಟು ಮಾರಾಟಕ್ಕೆ ನಿಂತಾಗ ಅದು ತನ್ನ ಪೂರ್ವಾಶ್ರಮವನ್ನು ತಾನಾಗಿ ಹೇಳುವುದಿಲ್ಲ. ಮಾರುವವರು ಹೇಳುವುದೆಲ್ಲ ನಿಜವಾಗಿರಬೇಕೆಂದೂ ಇಲ್ಲ.

ನಮ್ಮ ದೇಶದಲ್ಲಿ ಈ ಊಹೆಯ ವಿದ್ಯೆ ಕಲಿಯಲು ಮಾರುತಿ ಜಿಪ್ಸಿಯಷ್ಟು ಒಳ್ಳೆಯ ಪಠ್ಯ ಇನ್ನೊಂದಿಲ್ಲ. ಜಪಾನಿನ ಸುಜುಕಿ ಕಂಪೆನಿಯ ಪುಟ್ಟ ಜೀಪಿನ ಮಾದರಿಯಲ್ಲಿ 1985ರ ಡಿಸೆಂಬರಿನಲ್ಲಿ ಬಂದ ಜಿಪ್ಸಿಯಲ್ಲಿ ಇದ್ದದ್ದು 970 ಸಿ.ಸಿ.ಯ ಸಣ್ಣ ಪೆಟ್ರೋಲ್ ಎಂಜಿನ್. ಹೆದ್ದಾರಿಯಲ್ಲಿ ಅದೇನೂ ಮಹಾ ವೇಗದ ವಾಹನವಲ್ಲ. ಆದರೆ ಏಣಿಯಾಕಾರದ ಗಟ್ಟಿ ಚಾಸಿ, ಸುಮಾರು ಒಂದು ಟನ್ನಿನಷ್ಟೇ ತೂಕ, ಬೇಕೆಂದಾಗ ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಸುವ ವ್ಯವಸ್ಥೆ ಇವೆಲ್ಲ ಸೇರಿ ಕಲ್ಲುಹಾದಿಯಲ್ಲಿ ಅದನ್ನು ಹಿಂದಿಕ್ಕುವುದು ಕಷ್ಟವಾಗಿತ್ತು. 1996ರಲ್ಲಿ 1298 ಸಿ.ಸಿ.ಯ ಎಂಜಿನ್ ಬಂತು. 2000ದಲ್ಲಿ ಅದರ ಶಕ್ತಿ 80 ಅಶ್ವಶಕ್ತಿಗೆ ಏರಿತು. 2019ರ ಹೊತ್ತಿಗೆ ಸಾರ್ವಜನಿಕರಿಗೆ ಮಾರಾಟ ನಿಂತಿತು. ಹೀಗಾಗಿ ಇಂದು ಜಿಪ್ಸಿ ಬೇಕೆನ್ನುವವರಿಗೆ ಸಿಗುವುದು ಯಾರೋ ಓಡಿಸಿ ಬಿಟ್ಟದ್ದೇ.

ಆ ‘ಯಾರೋ’ ಯಾರು ಎಂಬುದೇ ಪ್ರಶ್ನೆ. ಜಿಪ್ಸಿ ಸೇನೆಯಲ್ಲಿ ದುಡಿದಿದೆ, ಪೊಲೀಸ್ ಇಲಾಖೆಯಲ್ಲಿ ಓಡಿದೆ, ರಣಥಂಭೋರ್ ಹಾಗೂ ಕಾರ್ಬೆಟ್ ಅರಣ್ಯಗಳಲ್ಲಿ ಹುಲಿ ನೋಡುವವರನ್ನು ಹೊತ್ತಿದೆ, ಕೊಡಗು ಮತ್ತು ಚಿಕ್ಕಮಗಳೂರಿನ ತೋಟಗಳಲ್ಲಿ ಗೊಬ್ಬರದ ಮೂಟೆ ಸಾಗಿಸಿದೆ. 1999ರಲ್ಲಿ ಶುರುವಾದ ‘ರೇಡ್ ದಿ ಹಿಮಾಲಯ’ದಂಥ ರ‍್ಯಾಲಿಗಳಲ್ಲಿ ಸ್ಪರ್ಧಿಸಿದೆ. ಚಂಡೀಗಢದ ಹರಿ ಸಿಂಗ್ ಅವರಂಥ ಚಾಂಪಿಯನ್ನರು ಹೆಸರು ಮಾಡಿದ್ದು ಇದೇ ವಾಹನದಲ್ಲಿ. ಒಂದೊಂದು ಬಾಳೂ ವಾಹನದ ಮೈಮೇಲೆ ಒಂದೊಂದು ಬಗೆಯ ಗುರುತು ಬಿಡುತ್ತದೆ.

ಕಾಗದ ಹೇಳುವ ಕಥೆ

ಮೊದಲು ನೋಡಬೇಕಾದದ್ದು ಆರ್.ಸಿ. ಅದರಲ್ಲಿ ತಯಾರಾದ ತಿಂಗಳು-ವರ್ಷ ಒಂದು ಕಡೆ, ನೋಂದಣಿಯ ದಿನಾಂಕ ಇನ್ನೊಂದು ಕಡೆ ಇರುತ್ತದೆ. ಸಾಮಾನ್ಯ ಕಾರಿಗೆ ಇವೆರಡರ ನಡುವಿನ ಅಂತರ ಕೆಲವು ತಿಂಗಳು. ಏಳೆಂಟು ವರ್ಷಗಳ ಅಂತರವಿದ್ದರೆ ಅದು ಮಿಲಿಟರಿ ಡಿಸ್ಪೋಸಲ್ ವಾಹನ ಎಂದು ಊಹಿಸಬಹುದು. ಸೇನಾ ವಾಹನಗಳು ಆರ್.ಟಿ.ಓ. ನೋಂದಣಿಯಲ್ಲಿ ಓಡುವುದಿಲ್ಲ, ಹರಾಜಾಗಿ ನಾಗರಿಕರ ಕೈಗೆ ಬಂದ ಮೇಲಷ್ಟೇ ಅವಕ್ಕೆ ನಮ್ಮ ನಿಮ್ಮಂಥ ನಂಬರು ಸಿಗುತ್ತದೆ. ಅಲ್ಲಿಯವರೆಗೆ ಎಷ್ಟು ಚಾಲಕರ ಕೈ ದಾಟಿತು ಎಂಬುದನ್ನು ಆರ್.ಸಿ. ಹೇಳದು.

ಎರಡನೆಯದು ಚಾಸಿ ನಂಬರು. ಲೋಹದಲ್ಲಿ ಕೊರೆದ ಈ ಅಂಕಿಗಳ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಪಡಿಯಚ್ಚು ತೆಗೆಯುವುದು ಆರ್.ಟಿ.ಓ. ವ್ಯವಹಾರದ ಹಳೆಯ ಪದ್ಧತಿ. ಈ ಪಡಿಯಚ್ಚು ಗುಮಾಸ್ತರಿಗೆ ಮಾತ್ರವಲ್ಲ, ಕೊಳ್ಳುವವರಿಗೂ ಉಪಯುಕ್ತ. ಅಂಕಿಗಳ ಸಾಲು ಸೊಟ್ಟಗಿದ್ದರೆ, ಒಂದೆರಡು ಅಂಕಿಗಳ ಆಳ ಬೇರೆಯಾಗಿದ್ದರೆ, ಸುತ್ತಲ ಲೋಹ ಉಜ್ಜಿ ತೆಳುವಾಗಿದ್ದರೆ ವ್ಯವಹಾರ ಅಲ್ಲಿಗೇ ನಿಲ್ಲಿಸುವುದು ಲೇಸು. ಎಂಜಿನ್ ನಂಬರನ್ನೂ ಆರ್.ಸಿ.ಯೊಂದಿಗೆ ತಾಳೆ ನೋಡಬೇಕು. 1990ರ ಜಿಪ್ಸಿಯ ಬಾನೆಟ್ಟಿನಡಿ 1.3 ಲೀಟರಿನ ಎಂಜಿನ್ ಕಂಡರೆ ಅದು ಹುಟ್ಟಿನಿಂದ ಬಂದದ್ದಲ್ಲ ಎಂಬುದು ನಿಶ್ಚಯ. ಹಾಗೆ ಬದಲಿಸಿದ್ದು ದಾಖಲೆಯಲ್ಲೂ ಸೇರಿದೆಯೇ ಎಂಬುದು ಮುಂದಿನ ಪ್ರಶ್ನೆ.

ಲೋಹ ಹೇಳುವ ಕಥೆ

ಕಾಗದದಲ್ಲಿ ಇಲ್ಲದ್ದನ್ನು ಲೋಹ ಹೇಳುತ್ತದೆ. ಬಾಗಿಲಿನ ಕೀಲುಗಳ ಹಿಂದೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ಮ್ಯಾಟ್ ಎತ್ತಿದರೆ ಕಾಣುವ ಮೂಲೆಗಳಲ್ಲಿ ಪೇಂಟರು ಶ್ರಮಪಟ್ಟು ಬಣ್ಣ ಬಳಿಯುವುದಿಲ್ಲ. ಅಲ್ಲಿ ಮಿಲಿಟರಿ ಹಸಿರು ಇಣುಕಿದರೆ ಉತ್ತರ ಸಿಕ್ಕಂತೆ. ಸೇನಾ ವಾಹನದ ನಂಬರು ಮೇಲ್ಮುಖವಾದ ಬಾಣದ ಗುರುತಿನಿಂದ ಆರಂಭವಾಗುತ್ತದೆ. ಬ್ರಿಟಿಷರ ಕಾಲದಲ್ಲಿ ಸರ್ಕಾರಿ ಸ್ವತ್ತಿಗೆ ಹಾಕುತ್ತಿದ್ದ ಮುದ್ರೆಯ ಉಳಿಕೆ ಅದು. ಬಾಣದ ನಂತರದ ಎರಡು ಅಂಕಿಗಳು ವಾಹನ ಸೇನೆಗೆ ಸೇರಿದ ವರ್ಷವನ್ನು ಹೇಳುತ್ತವೆ. ಮೇಲೆ ಬಣ್ಣ ಬಳಿದಿದ್ದರೂ ಒಮ್ಮೊಮ್ಮೆ ಆ ಅಕ್ಷರಗಳ ಅಂಚು ಬೆರಳಿಗೆ ತಗಲುವುದುಂಟು.

ಇನ್ನೊಂದು ಗುರುತು ವಾಹನದ ಹಿಂಬದಿಯ ಅಡಿಯಲ್ಲಿದೆ. ರಾತ್ರಿ ಹೆಡ್‌ಲೈಟ್ ಆರಿಸಿ ಸಾಲಾಗಿ ಸಾಗುವಾಗ ಹಿಂದಿನ ಚಾಲಕನಿಗೆ ಮುಂದಿನ ವಾಹನ ಕಾಣಬೇಕು, ಶತ್ರುವಿಗೆ ಕಾಣಬಾರದು. ಅದಕ್ಕೆಂದು ಹಿಂದಿನ ಆಕ್ಸಲಿನ ನಡುವಿನ ಉಬ್ಬಿಗೆ ಬಿಳಿ ಬಣ್ಣ ಬಳಿದು, ಅದರ ಮೇಲಷ್ಟೇ ಬೆಳಕು ಬೀಳುವಂತೆ ಪುಟ್ಟ ದೀಪ ಇಡುವುದು ಸೇನೆಯ ರೂಢಿ. ಎಣ್ಣೆ-ಕೆಸರು ಕೆರೆದಾಗ ಆ ಬಿಳಿ ಕಂಡರೆ ವಾಹನ ಯಾವ ಸಾಲಿನಲ್ಲಿ ಸಾಗಿ ಬಂತೆಂದು ಬೇರೆ ಸಾಕ್ಷಿ ಬೇಡ.

ರ‍್ಯಾಲಿಯಲ್ಲಿ ಓಡಿದ ಜಿಪ್ಸಿಯ ಗುರುತುಗಳು ಬೇರೆ. ವಾಹನ ಮಗುಚಿದರೆ ಒಳಗಿದ್ದವರನ್ನು ಕಾಪಾಡಲು ಉಕ್ಕಿನ ಕೊಳವೆಗಳ ಪಂಜರ ಕೂರಿಸಿರುತ್ತಾರೆ. ಮಾರುವಾಗ ಪಂಜರ ಬಿಚ್ಚಬಹುದು, ಅದರ ಪಾದಗಳಿಗಾಗಿ ನೆಲಕ್ಕೆ ಬೆಸೆದ ದಪ್ಪ ತಗಡನ್ನು ಅಳಿಸುವುದು ಸುಲಭವಲ್ಲ. ಸೀಟಿನ ಹಿಂದೆ ಹೆಚ್ಚುವರಿ ಬೆಲ್ಟುಗಳ ಬೋಲ್ಟು ತೂತುಗಳು, ಬಾನೆಟ್ಟಿನ ಮುಂಚೂಣಿಯಲ್ಲಿ ಪಿನ್ನು ಚುಚ್ಚಿದ ತೂತುಗಳು, ಬೆಂಕಿ ಆರಿಸುವ ಸಿಲಿಂಡರಿನ ಹಿಡಿಕೆಯ ಜಾಗ, ಗಾಜಿನ ಬುಡದಲ್ಲಿ ವಿದ್ಯುತ್ ಕಡಿತಗೊಳಿಸುವ ಸ್ವಿಚ್ಚಿನ ತೂತು, ಎಡಬದಿಯಲ್ಲಿ ಕೂರುವ ನ್ಯಾವಿಗೇಟರಿಗೆ ದೂರ ಅಳೆಯುವ ಮೀಟರು ಕೂರಿಸಿದ ಗುರುತು ಇವೆಲ್ಲ ಒಟ್ಟಿಗೆ ಕಂಡರೆ ‘ಡಾಕ್ಟರೊಬ್ಬರು ಭಾನುವಾರ ಮಾತ್ರ ಓಡಿಸುತ್ತಿದ್ದ ಗಾಡಿ’ ಎಂಬ ಮಾತನ್ನು ನಂಬುವಂತಿಲ್ಲ.

ಮೀಟರಿನ ಅಂಕಿಯನ್ನು ಕೊನೆಗೆ ನೋಡಿದರೆ ಸಾಕು. ಹಳೆಯ ಐದಂಕಿಯ ಮೀಟರು 99,999 ದಾಟಿದೊಡನೆ ಸೊನ್ನೆಗೆ ಮರಳುತ್ತದೆ. ಕೇಬಲ್ ಕಳಚಿಟ್ಟರೆ ಓಡುವುದೇ ಇಲ್ಲ. ಮೀಟರು 40,000 ಕಿ.ಮೀ. ತೋರುತ್ತಿದ್ದು, ಕ್ಲಚ್ ಪೆಡಲಿನ ರಬ್ಬರು ಸವೆದು ಲೋಹ ಕಂಡರೆ ಪೆಡಲನ್ನೇ ನಂಬಬೇಕು.

ಸುಳ್ಳು ಕೀರ್ತಿಗೂ ಬೆಲೆ

ಪೂರ್ವಾಶ್ರಮ ಮುಚ್ಚಿಡುವವರಿರುವಂತೆ ಇಲ್ಲದ ಪೂರ್ವಾಶ್ರಮ ಕಟ್ಟುವವರೂ ಇದ್ದಾರೆ. ‘ಇದು ರ‍್ಯಾಲಿ ಗೆದ್ದ ಗಾಡಿ’ ಎಂದರೆ ಕೆಲವರಿಗೆ ಬೆಲೆ ಹೆಚ್ಚು ಕೊಡುವ ಮನಸ್ಸಾಗುತ್ತದೆ. ಈ ಮೋಹ ನಮ್ಮಲ್ಲಿ ಮಾತ್ರವಲ್ಲ, ಕಾರುಗಳ ಚರಿತ್ರೆಯನ್ನು ಜತನದಿಂದ ಬರೆದಿಟ್ಟ ಬ್ರಿಟನ್ನಿನಲ್ಲೂ ಇದೆ. 1964ರಲ್ಲಿ ಪ್ಯಾಡಿ ಹಾಪ್‌ಕರ್ಕ್ ಪುಟ್ಟ ಮಿನಿ ಕೂಪರ್ ಕಾರಿನಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದರು. ಅಂಥ ಮಿನಿಗಳನ್ನು ಅಣಿಗೊಳಿಸುತ್ತಿದ್ದ ಅಬಿಂಗ್ಡನ್ನಿನ ಕಾರ್ಯಾಗಾರದಲ್ಲಿ, ಪೆಟ್ಟು ತಿಂದ ಕಾರಿನ ನಂಬರ್ ಪ್ಲೇಟನ್ನೂ ದಾಖಲೆಯನ್ನೂ ಹೊಸ ಬಾಡಿಗೆ ವರ್ಗಾಯಿಸುವುದು ಸಾಮಾನ್ಯವಾಗಿತ್ತು. ಒಂದು ರ‍್ಯಾಲಿಯಲ್ಲಿ ಒಂದು ನಂಬರು ಹೊತ್ತ ಕಾರು ಇನ್ನೊಂದು ರ‍್ಯಾಲಿಯ ಹೊತ್ತಿಗೆ ನಿಜಕ್ಕೂ ಬೇರೆಯದೇ ಕಾರಾಗಿರುತ್ತಿತ್ತು. ಆದ್ದರಿಂದ ಅಂಥ ಮಿನಿಯನ್ನು ಕೊಳ್ಳುವವರು ಇಂದಿಗೂ ನಂಬರನ್ನಷ್ಟೇ ನೋಡದೆ ಬೆಸುಗೆಯ ಗೆರೆಗಳನ್ನೂ ಹಳೆಯ ಫೋಟೋಗಳನ್ನೂ ಜೋಡಿಸಿ ನೋಡುತ್ತಾರೆ.

ಹಾಗೆಂದು ಒಂದೇ ಗುರುತು ಕಂಡು ತೀರ್ಪು ಕೊಡುವುದು ತಪ್ಪು. ಡ್ಯಾಶ್‌ಬೋರ್ಡಿನ ತೂತು ಹಳೆಯ ಟೇಪ್‌ರೆಕಾರ್ಡರಿನದಿರಬಹುದು. ಉಕ್ಕಿನ ಪಂಜರವನ್ನು ಶೋಕಿಗಾಗಿ ಹಾಕಿಸಿರಬಹುದು. ಹಸಿರು ಬಣ್ಣವನ್ನು ಮಿಲಿಟರಿ ಮೇಲಿನ ಅಭಿಮಾನದಿಂದ ಬಳಿಸಿದವರೂ ಇದ್ದಾರೆ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಗುರುತುಗಳು ಒಂದೇ ಕಥೆ ಹೇಳಿದಾಗ ಮಾತ್ರ ಊಹೆಗೆ ಬಲ ಬರುತ್ತದೆ.

ಈ ಪತ್ತೇದಾರಿಕೆಯಲ್ಲಿ ಕುತೂಹಲಕ್ಕಿಂತ ಹೆಚ್ಚಿನದು ಅಡಗಿದೆ. ರ‍್ಯಾಲಿಯಲ್ಲಿ ನೆಗೆದು ಬಿದ್ದ ಜಿಪ್ಸಿಯ ಲೀಫ್ ಸ್ಪ್ರಿಂಗುಗಳನ್ನು ಹಿಡಿದಿರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದು. ಅಪಘಾತದಲ್ಲಿ ಬಾಗಿದ ಚಾಸಿಯನ್ನು ನೆಟ್ಟಗೆ ಮಾಡಿ, ಟಿಂಕರಿಂಗ್ ಮಾಡಿ, ಮೇಲೆ ಪುಟ್ಟಿ ಮೆತ್ತಿರಬಹುದು. ಊರೊಳಗೆ ಓಡಿಸುವಾಗ ಇದು ಗೊತ್ತಾಗದು. ಮಳೆಗಾಲದಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿಯುವಾಗ ಗೊತ್ತಾದರೆ ಪ್ರಯೋಜನವಿಲ್ಲ. ಅದಕ್ಕೇ ವಾಹನವನ್ನು ಲಿಫ್ಟಿಗೆ ಏರಿಸಿ, ನಂಬಿಕಸ್ಥ ಮೆಕ್ಯಾನಿಕ್ ಕೈಯಲ್ಲಿ ಚಾಸಿಯ ಉದ್ದಕ್ಕೂ ಟಾರ್ಚು ಹಾಕಿ ನೋಡಿಸಬೇಕು.

ಸೇನೆಯಲ್ಲಿ ದುಡಿದದ್ದಾಗಲಿ ರ‍್ಯಾಲಿಯಲ್ಲಿ ಓಡಿದ್ದಾಗಲಿ ವಾಹನಕ್ಕೆ ಕಳಂಕವಲ್ಲ. ಪೆಟ್ಟು ಎಲ್ಲಿ ಬಿತ್ತು, ಅದನ್ನು ಹೇಗೆ ಸರಿಪಡಿಸಿದರು ಎಂದು ಮಾರುವವರು ಬಾಯಿಬಿಟ್ಟು ಹೇಳಿದರೆ ಅಂಥ ಜಿಪ್ಸಿಯನ್ನು ಧೈರ್ಯವಾಗಿ ಕೊಳ್ಳಬಹುದು. ಹೇಳದಿದ್ದರೆ ಮ್ಯಾಟ್ ಎತ್ತಿ ನೋಡುವ ಕೆಲಸ ಕೊಳ್ಳುವವರದೇ.