ಇ-ಸ್ವತ್ತು, ಕಾವೇರಿ ಮತ್ತು ವೆಬ್ ಸೇವೆ

ಒಂದು ತಂತ್ರಾಂಶವು ಮತ್ತೊಂದರಿಂದ ಅಂತರ್ಜಾಲದ ಮೂಲಕ ಮಾಹಿತಿಯನ್ನು ನೇರವಾಗಿ ಕೇಳಿ ಪಡೆಯುವ ವ್ಯವಸ್ಥೆಯೇ ವೆಬ್ ಸೇವೆ. ಗ್ರಾಮ ಪಂಚಾಯಿತಿಗಳ ಇ-ಸ್ವತ್ತು ತಂತ್ರಾಂಶವನ್ನು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದೊಂದಿಗೆ ಹೀಗೆ ಜೋಡಿಸಲಾಗಿದೆ. ನಮೂನೆ 9 ಮತ್ತು 11ರಲ್ಲಿನ ಸ್ವತ್ತಿನ ವಿವರಗಳು ಉಪನೋಂದಣಿ ಕಚೇರಿಗೆ ಲಭ್ಯವಾಗುತ್ತವೆ. ನೋಂದಣಿಯ ವಿವರವು ಹಕ್ಕು ಬದಲಾವಣೆಗಾಗಿ ಪಂಚಾಯಿತಿಗೆ ಮರಳುತ್ತದೆ. ಇದರಿಂದ ನಕಲಿ ದಾಖಲೆಗಳಿಗೆ ಕಡಿವಾಣ ಬೀಳುತ್ತದೆ.

ಆದರೆ ವೆಬ್ ಸೇವೆಯು ದಾಖಲೆಯನ್ನು ಸಾಗಿಸುತ್ತದೆಯೇ ಹೊರತು ತಿದ್ದುವುದಿಲ್ಲ. ಪಂಚಾಯಿತಿಯ ದಾಖಲೆಯಲ್ಲಿ ಹೆಸರು, ಅಳತೆ ಅಥವಾ ಚಕ್ಕುಬಂದಿ ತಪ್ಪಾಗಿದ್ದರೆ ಆ ತಪ್ಪು ಕ್ರಯಪತ್ರಕ್ಕೂ ಸೇರುವ ಸಂಭವವಿದೆ. ಆದುದರಿಂದ ಸ್ವತ್ತುದಾರರು ನಮೂನೆಗಳನ್ನು ಮೂಲ ದಾಖಲೆಗಳೊಂದಿಗೆ ತಾಳೆ ನೋಡಿ, ವ್ಯತ್ಯಾಸವಿದ್ದಲ್ಲಿ ಕ್ರಯಕ್ಕೆ ಮುನ್ನವೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಅರ್ಜಿ ಸಲ್ಲಿಸುವಂತೆ ಸದಸ್ಯರು ತಿಳಿವಳಿಕೆ ನೀಡುವುದು ಅಗತ್ಯ.